ಬೆನ್ನು ಯಾರದು ಅಂತ ಕೇಳುವ ಊರಲ್ಲಿ

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಹಾಸ್ಟೆಲು ವಿದ್ಯಾರ್ಥಿಗಳು ಮೂಡುಬಿದಿರೆಯಲ್ಲಿ ಸೇರಿದ್ದಾಗ ಆಡಿದ ಮಾತಿನ ಬರಹ)



ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನಲ್ಲೋ ಗುರುವಾಯನಕೆರೆಯ ಹೋಟೆಲಿನಲ್ಲೋ ಕೂತು, "ನಿನ್ನೆ ಪೊಲೀಸರು ಒಬ್ಬನನ್ನು ಹಿಡಿದು ಸಮಾ ಬಾರಿಸಿದ್ರಂತೆ" ಅಂತ ಒಂದು ಮಾತು ಬಿಟ್ಟು ನೋಡಿ. ಕೇಳಿದವರು ಯಾಕೆ ಅಂತ ಕೇಳುವುದಿಲ್ಲ. ಎಷ್ಟು ಪೆಟ್ಟು ಬಿತ್ತು, ಆಸ್ಪತ್ರೆಗೆ ಸೇರಿಸಿದ್ದಾರಾ ಅಂತಲೂ ಕೇಳುವುದಿಲ್ಲ. "ಯಾರಿಗೆ ಮಾರಾಯ್ರೆ?" ಅಂತ ಕೇಳುತ್ತಾರೆ. ನೀವು ಹೆಸರು ಹೇಳಬೇಕು. ಹೆಸರಿನಿಂದ ಜಾತಿ ಗೊತ್ತಾಗಬೇಕು, ಧರ್ಮ ಗೊತ್ತಾಗಬೇಕು, ಯಾವ ಸಂಘಟನೆ ಅಂತ ಗೊತ್ತಾಗಬೇಕು. ಆಮೇಲೆ ತೀರ್ಪು. ತಮ್ಮವನಾದರೆ ಅದು ಪೊಲೀಸ್ ದೌರ್ಜನ್ಯ. ಬೇರೆಯವನಾದರೆ "ಒಳ್ಳೇದೇ ಆಯ್ತು, ಇನ್ನೂ ಎರಡು ಬೀಳ್ಬೇಕಿತ್ತು."

ನಮ್ಮ ಜಿಲ್ಲೆಯಲ್ಲಿ ಪೊಲೀಸರ ಬಲಪ್ರಯೋಗದ ಬಗ್ಗೆ ನಡೆಯುವ ಜಗಳ ಇಷ್ಟೇ. ಪೆಟ್ಟು ಸರಿಯಾ ತಪ್ಪಾ ಅನ್ನುವ ಜಗಳ ಅಲ್ಲ ಅದು. ಬೆನ್ನು ಯಾರದು ಅನ್ನುವ ಜಗಳ.

ಲೆಕ್ಕ ತೆಗೆಯೋಣ. 2019ರ ಡಿಸೆಂಬರ್ 19ಕ್ಕೆ ಮಂಗಳೂರಿನಲ್ಲಿ ಪೌರತ್ವ ಕಾಯ್ದೆಯ ವಿರುದ್ಧ ಪ್ರತಿಭಟನೆ ಆದ ದಿನ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಸತ್ತವರ ಮನೆಗೆ ಹತ್ತು ಹತ್ತು ಲಕ್ಷ ಪರಿಹಾರ ಅಂತ ಸರ್ಕಾರ ಹೇಳಿತು, ಆಮೇಲೆ ತಡೆ ಹಿಡಿಯಿತು. ಒಂದು ಕಡೆಯವರು ಕೊಲೆ ಅಂದರು, ಇನ್ನೊಂದು ಕಡೆಯವರು ಪೊಲೀಸರಿಗೆ ಭೇಷ್ ಅಂದರು. 2022ರ ಜುಲೈ 27ಕ್ಕೆ ಬೆಳ್ಳಾರೆಯಲ್ಲಿ ಕೊಲೆಯಾದ ಯುವಕನ ಅಂತ್ಯಯಾತ್ರೆಗೆ ಸೇರಿದ ಗುಂಪಿನ ಮೇಲೆ ಲಾಠಿ ಬಿತ್ತು. ಈಗ ಭೇಷ್ ಅಂದಿದ್ದ ಕಡೆಯವರೇ ತಮ್ಮ ಪಕ್ಷದ ಅಧ್ಯಕ್ಷರ ಕಾರಿಗೆ ಮುತ್ತಿಗೆ ಹಾಕಿದರು. 2023ರ ಮೇ ತಿಂಗಳಲ್ಲಿ ಪುತ್ತೂರಿನಲ್ಲಿ, ಚುನಾವಣೆ ಸೋತ ಸಿಟ್ಟಿಗೆ ತಮ್ಮದೇ ನಾಯಕರ ಫೋಟೋಕ್ಕೆ ಚಪ್ಪಲಿ ಹಾರ ಹಾಕಿ ಬ್ಯಾನರು ಕಟ್ಟಿದರು ಅಂತ ಕೆಲವು ಹುಡುಗರನ್ನು ಹಿಡಿದು ತಂದು ಠಾಣೆಯಲ್ಲಿ ಹೊಡೆದರು ಅಂತ ದೂರು ಬಂತು. ಬಾಸುಂಡೆ ಎದ್ದ ಬೆನ್ನಿನ ಫೋಟೋ ನಿಮ್ಮ ಮೊಬೈಲಿಗೂ ಬಂದಿತ್ತು. ಬೆನ್ನು ಪೂರ್ತಿ ನೀಲಿ. ನಾಯಕರು ಆಸ್ಪತ್ರೆಗೆ ಓಡಿ ಬಂದರು, ಪೊಲೀಸರ ಅಮಾನತೂ ಆಯಿತು.

ಆ ಹುಡುಗರ ರಾಜಕೀಯಕ್ಕೂ ನಮ್ಮ ರಾಜಕೀಯಕ್ಕೂ ಎಣ್ಣೆ ಸೀಗೆಕಾಯಿ. ಆದರೂ ಈ ಸಭೆಯಲ್ಲಿ ಬಾಯಿ ಬಿಟ್ಟು ಹೇಳುತ್ತೇವೆ, ಪುತ್ತೂರಿನ ಆ ಬೆನ್ನಿನ ಮೇಲೆ ಬಿದ್ದದ್ದು ತಪ್ಪು. ಇದನ್ನು ಹೇಳಲು ಬಾಯಿ ಬರದೆ ಇದ್ದರೆ ನಮ್ಮ ಬೆನ್ನಿನ ಬಗ್ಗೆ ಮಾತಾಡುವ ಹಕ್ಕು ನಮಗಿಲ್ಲ. ಇವತ್ತಿನ ಮಾತಿನಲ್ಲಿ ನಿಮ್ಮಲ್ಲಿ ಕೆಲವರಿಗೆ ಕಹಿ ಆಗುವುದು ಇದೇ ಅಂತ ನಮಗೆ ಗೊತ್ತು. "ಅವರಿಗೆ ಬಿದ್ದರೆ ನಮಗೆಂತ?" ಅಂತ ಹಿಂದಿನ ಬೆಂಚಿನಿಂದ ಈಗಲೇ ಗುಸುಗುಸು ಕೇಳುತ್ತಿದೆ. ಸ್ವಲ್ಪ ತಾಳಿ.

ಮುಸ್ಲಿಮರ ಹುಡುಗನಿಗೆ ಬಿದ್ದರೆ ಕೇಳಲಿಕ್ಕೆ ಒಂದು ಗುಂಪು ಉಂಟು, ಇವರಿಗೆ ಬಿದ್ದರೆ ಶಾಸಕರಿದ್ದಾರೆ, ಸಂಸದರಿದ್ದಾರೆ. ಮುಂಡಾಲರ, ಮನ್ಸರ, ಬೈರರ, ಕೊರಗರ, ಮಲೆಕುಡಿಯರ ಬೆನ್ನು ಯಾರ ಲೆಕ್ಕದಲ್ಲಿ ಬರುತ್ತದೆ? "ಯಾರಿಗೆ ಮಾರಾಯ್ರೆ?" ಅಂತ ಕೇಳಿದ ಮೇಲೆ ನಮ್ಮ ಹೆಸರು ಹೇಳಿದರೆ "ಓ, ಅವನಾ" ಅಂತ ಚಾ ಕುಡಿದು ಏಳುತ್ತಾರೆ. ಜಗಳವೂ ಆಗುವುದಿಲ್ಲ.

ಒಮ್ಮೆ ಮಾತ್ರ ಆಯಿತು. ಅದನ್ನು ನಿಧಾನವಾಗಿ ಹೇಳಬೇಕು, ಯಾಕಂದ್ರೆ 2012ರಲ್ಲಿ ನಿಮ್ಮಲ್ಲಿ ಎಷ್ಟೋ ಜನ ಅಂಗನವಾಡಿಯಲ್ಲಿದ್ದಿರಿ.

ಕುತ್ಲೂರು ಬೆಳ್ತಂಗಡಿ ತಾಲೂಕಿನ ಹಳ್ಳಿ. ನಾರಾವಿ ಕಡೆಯಿಂದ ಗುಡ್ಡ ಹತ್ತಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಂತ ಗೆರೆ ಎಳೆದ ಮೇಲೆ ಗೆರೆಯ ಒಳಗೆ ಸಿಕ್ಕಿಬಿದ್ದ ಮಲೆಕುಡಿಯರ ಮನೆಗಳು ಅಲ್ಲಿ ಉಂಟು. ರಸ್ತೆ ಕೇಳಿದರೆ ಕಾಡಿನ ಕಾನೂನು ಅಡ್ಡ ಬರುತ್ತದೆ, ಕರೆಂಟು ಕೇಳಿದರೆ ಅದೇ ಕಾನೂನು ಅಡ್ಡ ಬರುತ್ತದೆ, ಎದ್ದು ಹೋಗಿ ಅನ್ನುವಾಗ ಮಾತ್ರ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಆ ಊರಿನ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. ಹಾಸ್ಟೆಲು ಅನ್ನ ತಿನ್ನುವ, ಪುಸ್ತಕ ಓದುವ, ಊರಿನ ಕಷ್ಟಕ್ಕೆ ಅರ್ಜಿ ಬರೆಯುವ ವಿದ್ಯಾರ್ಥಿ. ಅಂದರೆ ನಮ್ಮ ನಿಮ್ಮ ಹಾಗೆ. 2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ಪಡೆಯವರು ಅವರನ್ನೂ ಅವರ ತಂದೆ ಲಿಂಗಣ್ಣ ಮಲೆಕುಡಿಯರನ್ನೂ ಬಂಧಿಸಿದರು. ರಾಜದ್ರೋಹದ ಕೇಸು ಹಾಕಿದರು. ಮೇಲಿಂದ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ.

ಸಾಕ್ಷಿ ಅಂತ ಕೋರ್ಟಿನ ಮುಂದೆ ಇಟ್ಟದ್ದರಲ್ಲಿ ಭಗತ್ ಸಿಂಗನ ಮೇಲಿನ ಒಂದು ಪುಸ್ತಕ ಇತ್ತು. ಪತ್ರಿಕೆಯ ಬರಹಗಳು ಇದ್ದವು. ಊರಿಗೆ ಮೂಲ ಸೌಕರ್ಯ ಕೊಡುವ ತನಕ ಚುನಾವಣೆಗೆ ಬಹಿಷ್ಕಾರ ಅನ್ನುವ ಒಂದು ಪತ್ರ ಇತ್ತು. ಗೆಳೆಯರೆ, ನಿಮ್ಮ ನಿಮ್ಮ ಟ್ರಂಕಿನಲ್ಲಿ ಎಂತೆಂತ ಪುಸ್ತಕ ಉಂಟು ಅಂತ ಇವತ್ತು ರಾತ್ರಿ ಒಮ್ಮೆ ನೋಡಿಕೊಳ್ಳಿ. ನಮ್ಮ ಟ್ರಂಕನ್ನು ಈ ಅಳತೆಯಲ್ಲಿ ತೂಗಿದರೆ ಜೀವಾವಧಿ ಖಾತ್ರಿ.

ಜೈಲಿನಲ್ಲಿದ್ದ ವಿಠಲರನ್ನು ಪರೀಕ್ಷೆಗೆ ಕರಕೊಂಡು ಬಂದಾಗ ಕೈಗೆ ಕೋಳ ಇತ್ತು. ಪೆನ್ನು ಹಿಡಿಯಲು ಬಂದ ಕೈಗೆ ಕೋಳ. ಆಗ ಜಿಲ್ಲೆಯಲ್ಲಿ ಜಗಳ ಎದ್ದಿತು. ಎಡಪಕ್ಷಗಳು, ವಿದ್ಯಾರ್ಥಿಗಳು, ಲೇಖಕರು ಬೀದಿಗೆ ಬಂದರು. ಇನ್ನೊಂದು ಕಡೆಯಿಂದ ಬಂದ ಉತ್ತರ "ನಕ್ಸಲ್ ಅಲ್ವಾ?" ಅನ್ನುವ ಒಂದೇ ಪ್ರಶ್ನೆ. ಆ ಪ್ರಶ್ನೆಗೆ ಕೋರ್ಟು ಉತ್ತರ ಕೊಟ್ಟದ್ದು 2021ರ ಅಕ್ಟೋಬರ್ 21ರಂದು. ಮಂಗಳೂರಿನ ಜಿಲ್ಲಾ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಖುಲಾಸೆ ಮಾಡಿತು. ಭಗತ್ ಸಿಂಗನ ಪುಸ್ತಕ ಇಟ್ಟುಕೊಳ್ಳುವುದಕ್ಕೆ, ಪತ್ರಿಕೆ ಓದುವುದಕ್ಕೆ ಕಾನೂನಿನಲ್ಲಿ ನಿಷೇಧ ಇಲ್ಲ ಅಂದಿತು. ಆ ಪತ್ರದಲ್ಲಿ ಇದ್ದದ್ದು ಊರಿನವರ ಬೇಡಿಕೆ ಅಂದಿತು. ಇಷ್ಟು ಹೇಳಲು ಒಂಬತ್ತೂವರೆ ವರ್ಷ ಹಿಡಿಯಿತು. ಕೋಳ ಹಾಕಲು ಒಂದು ನಿಮಿಷ ಸಾಕಾಗಿತ್ತು.

ಇಲ್ಲೊಂದು ಮಾತು ಸೇರಿಸಬೇಕು. ಅದೇ ಕುತ್ಲೂರಿನ ಸುಂದರಿ, ಬಂದೂಕು ಹಿಡಿದು ಕಾಡಿನಲ್ಲಿದ್ದವರು, 2025ರ ಜನವರಿ 8ರಂದು ಇನ್ನೂ ಐದು ಜನರ ಜೊತೆ ಮುಖ್ಯಮಂತ್ರಿಯ ಎದುರು ಶರಣಾದರು. ಸರ್ಕಾರ ಮರ್ಯಾದೆಯಿಂದ ಬರಮಾಡಿಕೊಂಡಿತು. ಅದು ಸರಿ ಅಂತಲೇ ನಾವು ಹೇಳುವುದು. ಬಂದೂಕು ಹಿಡಿದವರ ಜೊತೆ ಮರ್ಯಾದೆಯಿಂದ ನಡೆದುಕೊಳ್ಳಲು ಈ ಸರ್ಕಾರಕ್ಕೆ ಬರುತ್ತದೆ ಅಂತಾದರೆ ಪುಸ್ತಕ ಹಿಡಿದವನ ಜೊತೆ ಯಾಕೆ ಬರಲಿಲ್ಲ ಅಂತ ಕೇಳುತ್ತೇವೆ, ಅಷ್ಟೇ.

ಕುತ್ಲೂರಿನಿಂದ ಕೆಳಗಿಳಿದು ಉಡುಪಿ ಜಿಲ್ಲೆಗೆ ಹೋದರೆ ಕೋಟತಟ್ಟು. 2021ರ ಡಿಸೆಂಬರ್ 27ರ ರಾತ್ರಿ ಕೊರಗರ ಕಾಲನಿಯಲ್ಲಿ ಮದುವೆಯ ಮುಂಚಿನ ಮೆಹೆಂದಿ. ಡಿಜೆ ಸದ್ದು ಜಾಸ್ತಿ ಆಯಿತು ಅಂತ ದೂರು ಹೋಯಿತು. ಪೊಲೀಸರು ಬಂದರು, ಲಾಠಿ ಬೀಸಿದರು, ಮದುಮಗನನ್ನೂ ಬಿಡಲಿಲ್ಲ ಅಂತ ಕಾಲನಿಯವರು ಹೇಳಿದರು. ಎಸ್ಸೈ ಅಮಾನತಾದರು, ಗೃಹಮಂತ್ರಿಗಳು ಕಾಲನಿಗೆ ಬಂದು ಸಮಾಧಾನ ಹೇಳಿದರು. ಇಷ್ಟರಲ್ಲಿ ಏನಾಯಿತು ಗೊತ್ತಾ? ಪೆಟ್ಟು ತಿಂದವರ ಮೇಲೆಯೇ, ಮದುಮಗನೂ ಸೇರಿ, ಪೊಲೀಸರಿಗೆ ಹೊಡೆದರು ಅಂತ ಕೇಸು ಬಿತ್ತು. ಪ್ರತಿದೂರು ಅನ್ನುವ ಈ ಆಯುಧ ನಮ್ಮ ಕೇರಿಗಳಿಗೆ ಹೊಸದಲ್ಲ. ಗೌಡರ ಮಗ ಹೊಡೆದರೂ ಇದೇ, ಎಸ್ಸೈ ಹೊಡೆದರೂ ಇದೇ. ರಾತ್ರಿ ಎಷ್ಟೋ ಮದುವೆಮನೆಗಳಲ್ಲಿ ಡಿಜೆ ಕೂಗುತ್ತದೆ, ಬಂಗಲೆಯ ಅಂಗಳದಲ್ಲೂ ಕೂಗುತ್ತದೆ. ಅಲ್ಲಿಗೆ ಬರುವ ಪೊಲೀಸರು "ಸ್ವಲ್ಪ ಕಮ್ಮಿ ಮಾಡಿ ಧಣಿ" ಅಂತ ಹೇಳಿ ಊಟ ಮಾಡಿಕೊಂಡು ಹೋಗುವುದನ್ನು ನೀವೆಲ್ಲ ಬಡಿಸುತ್ತಾ ನೋಡಿದವರೇ.

ಅದೇ ವರ್ಷ ಮೇ 10ಕ್ಕೆ ಚಾರ್ಮಾಡಿ ಘಾಟಿಯ ಆಚೆ, ಮೂಡಿಗೆರೆ ತಾಲೂಕಿನ ಗೋಣಿಬೀಡು ಠಾಣೆಗೆ ಒಬ್ಬ ದಲಿತ ಯುವಕನನ್ನು ತಂದರು. ಕೈಕಾಲು ಕಟ್ಟಿ ಹೊಡೆದರು, ಜಾತಿ ಕೇಳಿದರು, ನೀರು ಕೇಳಿದಾಗ ಇನ್ನೊಬ್ಬ ಬಂಧಿಯ ಮೂತ್ರ ನೆಕ್ಕಿಸಿದರು ಅಂತ ಆ ಯುವಕ ಮೇಲಧಿಕಾರಿಗಳಿಗೆ ಪತ್ರ ಬರೆದರು. ಪತ್ರ ಹೊರಬಂದ ಮೇಲೆ ಕೇಸು ದಾಖಲಾಯಿತು, ಸಿಐಡಿಗೆ ಹೋಯಿತು, ಸೆಪ್ಟೆಂಬರಿನಲ್ಲಿ ಎಸ್ಸೈಯನ್ನು ಬಂಧಿಸಿದರು. ಮೊದಲು ಜಾತಿ ಕೇಳಿ ಆಮೇಲೆ ಹೊಡೆಯುವುದನ್ನು ಬಲಪ್ರಯೋಗ ಅಂತ ಕರೆಯಲಿಕ್ಕೆ ಆಗುವುದಿಲ್ಲ. ಅದಕ್ಕೆ ಬೇರೆ ಹೆಸರು ಉಂಟು, 1989ರ ಕಾಯ್ದೆಯಲ್ಲಿ ಬರೆದಿದೆ.

ಈಗ ಮತ್ತೆ ಬೆಳ್ತಂಗಡಿಗೆ ಬನ್ನಿ. 2024ರ ಮೇ. ಅಕ್ರಮ ಕಲ್ಲುಕೋರೆಯ ಕೇಸಿನಲ್ಲಿ ತಮ್ಮ ಪಕ್ಷದ ಒಬ್ಬ ಯುವ ಮುಖಂಡನನ್ನು ಬಂಧಿಸಿದರು ಅಂತ ಶಾಸಕ ಹರೀಶ್ ಪೂಂಜ ರಾತ್ರಿ ಠಾಣೆಗೆ ನುಗ್ಗಿ ಪೊಲೀಸರ ಮೇಲೆ ಹರಿಹಾಯ್ದರು. ಆ ವಿಡಿಯೋ ರಾಜ್ಯವೇ ನೋಡಿತು. ಶಾಸಕರ ಮೇಲೆ ಕೇಸಾಯಿತು. ಬಂಧಿಸಲು ಪೊಲೀಸರು ಗರ್ಡಾಡಿಯ ಮನೆಗೆ ಹೋದರು. ಮನೆ ತುಂಬ ಬೆಂಬಲಿಗರು, ವಕೀಲರು. ಪೊಲೀಸರು ಕಾದರು, ಮಾತಾಡಿದರು, ನೋಟಿಸು ಕೊಟ್ಟರು. ಶಾಸಕರು ರಾತ್ರಿ ತಾವೇ ಠಾಣೆಗೆ ಬಂದು ಜಾಮೀನು ತೆಗೆದುಕೊಂಡು ಮನೆಗೆ ಹೋದರು. ಒಬ್ಬರ ಅಂಗಿಯ ಇಸ್ತ್ರಿಯೂ ಕೆಡಲಿಲ್ಲ.

ಇದನ್ನು ಹೇಳಿದ ಕೂಡಲೆ ನಮ್ಮವರು ಚಪ್ಪಾಳೆ ಹೊಡೆದು "ಅವರನ್ನೂ ಎಳ್ಕೊಂಡು ಬರ್ಬೇಕಿತ್ತು" ಅನ್ನುತ್ತಾರೆ. ಬೇಡ. ನಾವು ಹೇಳುವುದು ಅದಕ್ಕೆ ತೀರಾ ಉಲ್ಟಾ. ಗರ್ಡಾಡಿಯಲ್ಲಿ ಪೊಲೀಸರು ಮಾಡಿದ್ದು ಸರಿ. ಬಂಧನ ಅಂದರೆ ಹಾಗೇ ಇರಬೇಕು. ಗುಂಪು ಎದುರಿಗೆ ನಿಂತರೂ ತಾಳ್ಮೆ ಕೆಡದೆ ಇರುವುದು, ವಕೀಲರ ಮಾತು ಕೇಳುವುದು, ನೋಟಿಸು ಕೊಟ್ಟು ಕಾಯುವುದು, ಇದೆಲ್ಲ ನಮ್ಮ ಪೊಲೀಸರಿಗೆ ಬರುತ್ತದೆ ಅಂತ ಆ ದಿನ ರುಜುವಾತಾಯಿತು. ತರಬೇತಿ ಸಾಲದು, ಸಿಬ್ಬಂದಿ ಸಾಲದು, ಒತ್ತಡ ಜಾಸ್ತಿ ಅನ್ನುವ ನೆಪಗಳೆಲ್ಲ ಆ ರಾತ್ರಿ ಬಿದ್ದುಹೋದವು. ಗರ್ಡಾಡಿಯಲ್ಲಿ ಇದ್ದ ತಾಳ್ಮೆ ಕೋಟತಟ್ಟಿನ ಕೊರಗರ ಅಂಗಳಕ್ಕೆ ಬರುವಾಗ ದಾರಿಯಲ್ಲಿ ಎಲ್ಲಿ ಬಿದ್ದುಹೋಗುತ್ತದೆ? ಅದನ್ನು ಹುಡುಕಿ ಕೊಡಿ ಅಂತ ನಾವು ಕೇಳುವುದು. ಶಾಸಕರಿಗೂ ಒಂದು ಪೆಟ್ಟು ಕೊಡಿ ಅಂತಲ್ಲ. ಪೆಟ್ಟಿನ ಸಮಾನತೆ ನಮಗೆ ಬೇಡ.

ಈಗ ಹಿಂದಿನ ಬೆಂಚಿನವರ ಪ್ರಶ್ನೆಗೆ ಬರುತ್ತೇವೆ. "ಹೊಡೆಯದಿದ್ರೆ ಕಳ್ಳರು ಬಾಯಿ ಬಿಡ್ತಾರಾ? ಅತ್ಯಾಚಾರ ಮಾಡಿದವನಿಗೆ ಹಾರ ಹಾಕ್ಬೇಕಾ?" ಇದು ಬರೀ ಮೇಲ್ಜಾತಿಯವರ ಪ್ರಶ್ನೆ ಅಲ್ಲ, ನಮ್ಮ ಹಾಸ್ಟೆಲಿನ ಟಿವಿ ರೂಮಿನ ಪ್ರಶ್ನೆಯೂ ಹೌದು. 'ಸಿಂಗಂ' ಸಿನಿಮಾ ಬಂದಾಗ ಎಸ್ಸೈ ಕಪಾಳಕ್ಕೆ ಬಾರಿಸಿದ ಕೂಡಲೆ ಶಿಳ್ಳೆ ಹೊಡೆದವರೂ ನಾವೇ, 2021ರಲ್ಲಿ 'ಜೈ ಭೀಮ್' ನೋಡಿ ಲಾಕಪ್ಪಿನ ದೃಶ್ಯಕ್ಕೆ ಕಣ್ಣೊರೆಸಿಕೊಂಡವರೂ ನಾವೇ. ಎರಡರಲ್ಲೂ ಹೀರೋ ಅದೇ ಸೂರ್ಯ. ಹೊಡೆಯುವ ಕೈ ಅದೇ ಆದರೂ ಯಾರ ಕಪಾಳ ಅಂತ ನೋಡಿ ಶಿಳ್ಳೆ ಹೊಡೆಯಬೇಕೋ ಅಳಬೇಕೋ ಅಂತ ನಿಶ್ಚಯ ಮಾಡುವ ರೋಗ ನಮಗೂ ಅಂಟಿದೆ.

ಪೆಟ್ಟಿನಿಂದ ಸತ್ಯ ಹೊರಡುತ್ತದೆ ಅನ್ನುವವರು ನಮ್ಮ ತಾಲೂಕನ್ನೇ ನೋಡಲಿ. ಅದೇ 2012, ಅಕ್ಟೋಬರ್ 9. ಕಾಲೇಜಿನಿಂದ ಮನೆಗೆ ಹೊರಟ ಹದಿನೇಳು ವರ್ಷದ ಪಿಯುಸಿ ಹುಡುಗಿ ಮನೆ ಮುಟ್ಟಲಿಲ್ಲ. ಹೆಸರು ಹೇಳುವುದು ಬೇಡ, ನಿಮ್ಮೆಲ್ಲರ ಬಾಯಲ್ಲಿ ಇದೆ. ಎರಡು ದಿನದಲ್ಲಿ ಒಬ್ಬ ಮನುಷ್ಯನನ್ನು ಸ್ಥಳೀಯರು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಹಿಡಿದವರೂ ಹೊಡೆದರು, ಠಾಣೆಯಲ್ಲೂ ಹೊಡೆದರು ಅನ್ನುವ ಆರೋಪ ಉಂಟು. ಆಗ ಯಾರು ಅಡ್ಡ ಬಂದರು? ಸಿಕ್ಕಿದನಲ್ಲ ಅಂತ ಊರು ಉಸಿರು ಬಿಟ್ಟಿತು. ಹನ್ನೊಂದು ವರ್ಷ ತುಂಬುತ್ತಾ ಬಂದಾಗ, 2023ರ ಜೂನ್ 16ಕ್ಕೆ, ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಆ ಮನುಷ್ಯನನ್ನು ನಿರ್ದೋಷಿ ಅಂತ ಬಿಟ್ಟಿತು. ತನಿಖೆಯ ಮೊದಲ ದಿನಗಳು ಹೋದವು, ಸಾಕ್ಷಿ ಹೋಯಿತು. ಒಬ್ಬ ಮನುಷ್ಯನ ಬದುಕು ಹಾಳಾಯಿತು, ಹುಡುಗಿಯ ತಾಯಿಗೆ ನ್ಯಾಯವೂ ಸಿಗಲಿಲ್ಲ. ಸಿಕ್ಕಿದವನಿಗೆ ಪೆಟ್ಟು ಬೀಳುವಷ್ಟು ಹೊತ್ತು ಸಿಗದೆ ಇದ್ದವರು ಆರಾಮವಾಗಿ ನಡೆದು ಹೋಗುತ್ತಾರೆ. ಆ ಹುಡುಗಿಗೆ ನ್ಯಾಯ ಬೇಕು ಅನ್ನುವವರು ಲಾಠಿಗೆ ಜೈ ಅನ್ನಬಾರದು. ಬರೀ ಕರುಣೆಯಿಂದ ಹೇಳುವುದಲ್ಲ, ಲೆಕ್ಕಾಚಾರದಿಂದಲೂ ಹೇಳುವುದು.

ಹಾಗಾದರೆ ಪೊಲೀಸರು ಕೈಯನ್ನೇ ಎತ್ತಬಾರದಾ? ನಾವು ಅಷ್ಟು ದಡ್ಡರಲ್ಲ. ಕತ್ತಿ ಹಿಡಿದು ಎದುರು ಬಂದವನಿಗೆ ಕಾನೂನು ಪುಸ್ತಕ ಓದಿ ಹೇಳಲು ಆಗುವುದಿಲ್ಲ, ಗುಂಪಿನ ಕಲ್ಲಿಗೆ ತಲೆ ಒಡೆಸಿಕೊಂಡ ಕಾನ್‌ಸ್ಟೇಬಲ್ಲುಗಳೂ ಇದ್ದಾರೆ. ಕಾನೂನು ಇದನ್ನು ಬಲ್ಲದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 43ನೇ ಕಲಮು ಬಂಧನ ಹೇಗೆ ಅಂತ ಹೇಳುತ್ತದೆ. ಬಲವಂತದಿಂದ ಎದುರಿಸಿದರೆ, ತಪ್ಪಿಸಿಕೊಳ್ಳಲು ನೋಡಿದರೆ, ಬಂಧಿಸಲು ಬೇಕಾದ ಕ್ರಮ ತೆಗೆದುಕೊಳ್ಳಬಹುದು. 46ನೇ ಕಲಮು ಒಂದೇ ಸಾಲು, ಬಾಯಿಪಾಠ ಮಾಡಬೇಕಾದ ಸಾಲು: ತಪ್ಪಿಸಿಕೊಂಡು ಹೋಗದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ನಿರ್ಬಂಧ ಹಾಕಬಾರದು. ಅಂದರೆ ಬಲಕ್ಕೆ ಒಂದೇ ಕಾರಣ, ಓಡಿಹೋಗುವುದನ್ನು ತಡೆಯುವುದು. ಪಾಠ ಕಲಿಸಲಿಕ್ಕಲ್ಲ. ಬಾಯಿ ಬಿಡಿಸಲಿಕ್ಕಲ್ಲ. ಜೀಪಿಗೆ ಹತ್ತಿದ ಮೇಲೆ, ಕೈ ಕಟ್ಟಿದ ಮೇಲೆ ಬೀಳುವ ಪ್ರತಿ ಪೆಟ್ಟೂ ಅಪರಾಧ. ಅಲ್ಲಿಂದ ಮುಂದೆ ಕೈ ಕಟ್ಟಿಸಿಕೊಂಡವನಲ್ಲ, ಹೊಡೆಯುವವನೇ ಆರೋಪಿ.

ಕೋಳದ ಕಥೆ ಇನ್ನೂ ಕೇಳುವಂಥದ್ದು. ಪಂಜಾಬಿನ ಹಳೆಯ ಪೊಲೀಸ್ ನಿಯಮದಲ್ಲಿ ವಿಚಾರಣಾಧೀನ ಕೈದಿಗಳಲ್ಲಿ ಎರಡು ವರ್ಗ ಇತ್ತು. 'ಉತ್ತಮ' ವರ್ಗದವರಿಗೆ ಕೋಳದಿಂದ ವಿನಾಯಿತಿ, ಉಳಿದವರಿಗೆ ಕೋಳ. ಓದು, ಅಂತಸ್ತು, ಬದುಕಿನ ರೀತಿ ನೋಡಿ ವರ್ಗ. ಬ್ರಿಟಿಷರು ಹೋದರೂ ಆ ಪಂಕ್ತಿಭೇದ ಹೋಗಿರಲಿಲ್ಲ. 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಅದನ್ನು ಕಿತ್ತು ಹಾಕಿದರು. ಕೋಳ ಹಾಕುವುದೇ ಮೇಲ್ನೋಟಕ್ಕೆ ಅಮಾನವೀಯ, ಬೇರೆ ದಾರಿಯೇ ಇಲ್ಲದಾಗ ಕಾರಣ ಬರೆದಿಟ್ಟು ಹಾಕಬೇಕು, ಬಡವ ಬಲ್ಲಿದ ಅಂತ ಭೇದ ಮಾಡಬಾರದು ಅಂದರು. 1995ರಲ್ಲಿ ಅದೇ ಕೋರ್ಟು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಕೋಳ ಹಾಕಬೇಡಿ ಅಂತ ಇನ್ನೂ ಬಿಗಿ ಮಾಡಿತು. 2012ರಲ್ಲಿ ಪರೀಕ್ಷೆಗೆ ಬಂದ ವಿದ್ಯಾರ್ಥಿಯ ಕೈಯಲ್ಲಿ ಕೋಳ ಕಂಡಾಗ ಈ ಎರಡು ತೀರ್ಪೂ ಜಾರಿಯಲ್ಲಿದ್ದವು. 2022ರ ಜೂನಿನಲ್ಲಿ ನಮ್ಮದೇ ಹೈಕೋರ್ಟಿನ ಧಾರವಾಡ ಪೀಠ ಇನ್ನೊಬ್ಬ ವಿದ್ಯಾರ್ಥಿಯ ಕಥೆ ಕೇಳಿತು. ಬೆಳಗಾವಿ ಜಿಲ್ಲೆಯ ಕಾನೂನು ವಿದ್ಯಾರ್ಥಿ, ಚೆಕ್ಕು ಬೌನ್ಸಿನ ಕೇಸು, ಪೊಲೀಸರು ಕೋಳ ಹಾಕಿ ಜನರ ಎದುರು ನಡೆಸಿದ್ದರು. ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿ, ಬಂಧಿಸಲು ಹೋಗುವ ಪೊಲೀಸರ ಮೈಮೇಲೆ ಕ್ಯಾಮರಾ ಇರಲಿ ಅಂತ ಕೋರ್ಟು ಹೇಳಿತು.

ಇಷ್ಟು ದೂರ ಬಂದಿದ್ದೆವು. ಈಗ ಹೊಸ ಸಂಹಿತೆಯ 43ನೇ ಕಲಮಿನ ಮೂರನೇ ಉಪಕಲಮು ಓದಿ. ಕೋಳ ಹಾಕಬಹುದು ಅಂತ ಅಲ್ಲಿ ನೇರವಾಗಿ ಬರೆದಿದ್ದಾರೆ. ಮತ್ತೆ ಮತ್ತೆ ಅಪರಾಧ ಮಾಡುವವರಿಗೆ, ಕೊಲೆ ಅತ್ಯಾಚಾರದಂಥ ಕೇಸಿನವರಿಗೆ, ಭಯೋತ್ಪಾದನೆಯ ಕೇಸಿನವರಿಗೆ, ರಾಜ್ಯದ ವಿರುದ್ಧದ ಅಪರಾಧದ ಕೇಸಿನವರಿಗೆ. ಕೇಳಲು ಸರಿ ಅನಿಸುತ್ತದೆ. ಆದರೆ ಒಬ್ಬನ ಮೇಲೆ ಯಾವ ಕಲಮು ಅಂತ ಮೊದಲು ಬರೆಯುವವರು ಯಾರು? ಠಾಣೆಯವರೇ. ವಿಠಲ ಮಲೆಕುಡಿಯರ ಮೇಲೆ ಬರೆದದ್ದು ಇದೇ ಎರಡು ಜಾತಿಯ ಕಲಮು. ಒಂಬತ್ತೂವರೆ ವರ್ಷದ ಮೇಲೆ ನಿಲ್ಲದೆ ಹೋದ ಕಲಮು. 2012ರಲ್ಲಿ ಆ ಕೋಳಕ್ಕೆ ಸಮರ್ಥನೆ ಹುಡುಕಬೇಕಾಗಿತ್ತು. ಇವತ್ತು ಕುತ್ಲೂರಿನಿಂದ ಇನ್ನೊಬ್ಬ ಹುಡುಗನನ್ನು ಅದೇ ಕೇಸಿನಲ್ಲಿ ತಂದರೆ ಕೋಳಕ್ಕೆ ಕಾಯ್ದೆಯ ಪುಟದಲ್ಲೇ ಜಾಗ ಮಾಡಿ ಇಟ್ಟಿದ್ದಾರೆ. ಪಂಜಾಬಿನ ನಿಯಮ ಅಂತಸ್ತು ನೋಡಿ ವರ್ಗ ಮಾಡಿತ್ತು, ಇದು ಕಲಮು ನೋಡಿ ವರ್ಗ ಮಾಡುತ್ತದೆ. ಯಾರಿಗೆ ಯಾವ ಕಲಮು ಬೀಳುತ್ತದೆ ಅಂತ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೊಲೀಸರ ಬಲಪ್ರಯೋಗದ ಬಗ್ಗೆ ಬಾಯಿ ಹರಿಯುವಷ್ಟು ಜಗಳ ಆಡುವ ಈ ಜಿಲ್ಲೆಯಲ್ಲಿ ಈ ಉಪಕಲಮಿನ ಬಗ್ಗೆ ಒಂದು ದೊಡ್ಡ ಸಭೆ ಆದದ್ದನ್ನು ನಾವು ಕಂಡಿಲ್ಲ. ಅದರಲ್ಲಿ ಯಾರ ಹೆಸರೂ ಇಲ್ಲವಲ್ಲ, ಬೆನ್ನು ಯಾರದು ಅಂತ ತಿಳಿಯದೆ ಯಾರ ಪರ ನಿಲ್ಲುವುದು?

ಇನ್ನೊಂದು ಮಾತು ಹೇಳಲೇಬೇಕು, ಯಾಕಂದ್ರೆ ಇಲ್ಲಿ ಕೂತವರಲ್ಲಿ ಅರ್ಧ ಜನರ ಕೈಯಲ್ಲಿ ಕಾನ್‌ಸ್ಟೇಬಲ್ ಪರೀಕ್ಷೆಯ ಗೈಡು ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಮೈದಾನದಲ್ಲಿ ಓಡುತ್ತಿದ್ದೀರಿ. ಒಳ್ಳೆಯದು. ಬಾಬಾಸಾಹೇಬರು 1928ರಲ್ಲಿ ಸೈಮನ್ ಕಮಿಷನ್ನಿನ ಮುಂದೆ ಇಟ್ಟ ಬೇಡಿಕೆಗಳಲ್ಲಿ ಸೈನ್ಯಕ್ಕೆ, ಪೊಲೀಸಿಗೆ ನಮ್ಮವರನ್ನು ಸೇರಿಸಿಕೊಳ್ಳಿ ಅನ್ನುವುದೂ ಇತ್ತು. ಆ ಕೆಲಸ ಬೇಡ ಅಂತ ನಾವು ಹೇಳುವುದಿಲ್ಲ. (545 ಎಸ್ಸೈ ಹುದ್ದೆಯ ಪರೀಕ್ಷೆಯಲ್ಲಿ ದುಡ್ಡು ತಿಂದವರಿಂದ ನಿಮ್ಮ ಅಣ್ಣಂದಿರ ಎಷ್ಟು ವರ್ಷ ಹಾಳಾಯಿತು ಅಂತಲೂ ಗೊತ್ತು. ಆ ಕೇಸಿನಲ್ಲಿ 2022ರಲ್ಲಿ ಒಬ್ಬ ಎಡಿಜಿಪಿಯನ್ನೇ ಬಂಧಿಸಿದರು. ಹಲವು ಸಲ ಕರೆದು, ಕೂರಿಸಿ, ಪ್ರಶ್ನೆ ಕೇಳಿ, ಆಮೇಲೆ ಬಂಧನ. ನೋಡಿ, ಆಗುತ್ತದೆ!) ಆದರೆ ಖಾಕಿ ಹಾಕಿದ ಮೊದಲ ವಾರವೇ ಯಾವುದೋ ಕೇರಿಯ ಹುಡುಗನನ್ನು ನಿಮ್ಮ ಎದುರು ನಿಲ್ಲಿಸಿ "ಏಯ್, ಎರಡು ಬಿಗಿ" ಅಂತ ಮೇಲಿನವರು ಹೇಳುತ್ತಾರೆ. ಹೊಲಸು ಕೆಲಸಕ್ಕೆ ನಮ್ಮ ಕೈಯನ್ನೇ ಕರೆಯುವುದು ಈ ದೇಶದ ಹಳೆಯ ಅಭ್ಯಾಸ. ಮಲ ಹೊರಲು ಕರೆದರು, ಸತ್ತ ದನ ಎಳೆಯಲು ಕರೆದರು, ಈಗ ಹೊಡೆಯಲು ಕರೆಯುತ್ತಾರೆ. ಅಮಾನತು ಆಗುವಾಗಲೂ ಮೊದಲು ಆಗುವುದು ಕೆಳಗಿನವನೇ.

ಆ ದಿನಕ್ಕೆ ಒಂದು ಹೆಸರು ನೆನಪಿಟ್ಟುಕೊಳ್ಳಿ. 2020ರ ಮೇ ತಿಂಗಳ ಕೊನೆಗೆ ಅಮೆರಿಕದ ಮಿನಿಯಾಪೊಲಿಸಿನಲ್ಲಿ ಕರಿಯ ಜಾರ್ಜ್ ಫ್ಲಾಯ್ಡನ ಕೊರಳ ಮೇಲೆ ಪೊಲೀಸನೊಬ್ಬ ಮಂಡಿಯೂರಿ ಕೊಂದ. ನಮ್ಮ ದೇಶದವರೂ ಮೊಬೈಲಿನಲ್ಲಿ ಕಣ್ಣೀರು ಹಾಕಿದರು. ತಿಂಗಳು ತುಂಬುವ ಮೊದಲೇ, ಜೂನ್ 19ಕ್ಕೆ, ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಲಾಕ್‌ಡೌನಿನ ಹೊತ್ತು ಮೀರಿ ಅಂಗಡಿ ತೆರೆದಿದ್ದರು ಅಂತ ಜಯರಾಜ್, ಬೆನ್ನಿಕ್ಸ್ ಅನ್ನುವ ತಂದೆ ಮಗನನ್ನು ಹಿಡಿದು ರಾತ್ರಿಯಿಡೀ ಹೊಡೆದರು. ನಾಲ್ಕು ದಿನದೊಳಗೆ ಇಬ್ಬರೂ ಸತ್ತರು. ವಿಚಾರಣೆಗೆ ಬಂದ ಮ್ಯಾಜಿಸ್ಟ್ರೇಟರ ಎದುರು ಠಾಣೆಯೇ ಎದುರು ನಿಂತಿತು. ಆಗ ನಡೆದದ್ದನ್ನು ನಡೆದ ಹಾಗೆ ಹೇಳಿದವರು ಅದೇ ಠಾಣೆಯ ಹೆಡ್ ಕಾನ್‌ಸ್ಟೇಬಲ್ ರೇವತಿ. ಹೊರಗೆ ಸಹೋದ್ಯೋಗಿಗಳು ನಿಂತಿದ್ದರು, ಮನೆಯಲ್ಲಿ ಮಕ್ಕಳಿದ್ದರು, ಆದರೂ ಹೇಳಿದರು. ಯೂನಿಫಾರ್ಮು ತೆಗೆದಿಟ್ಟು ಹೇಳಲಿಲ್ಲ, ಯೂನಿಫಾರ್ಮಿನ ಕರ್ತವ್ಯ ಅಂತಲೇ ಹೇಳಿದರು. ನೀವು ಖಾಕಿ ಹಾಕುವುದಾದರೆ ರೇವತಿಯ ಹಾಗೆ ಹಾಕಿ.

ಕಡೆಯದಾಗಿ ಕೆಲಸದ ಮಾತು. ನಮ್ಮವರನ್ನು ಹಿಡಿದರು ಅಂತ ರಾತ್ರಿ ಫೋನು ಬಂದರೆ ಮೊದಲು ಠಾಣೆ ಯಾವುದು ಅಂತ ತಿಳಿಯಿರಿ. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರ ಕೆಳಗೆ ಬರುತ್ತದೆ. ಬಂಟ್ವಾಳ, ಬೆಳ್ತಂಗಡಿ, ವೇಣೂರು ಠಾಣೆಗಳು ಜಿಲ್ಲಾ ಎಸ್ಪಿಯ ಕೆಳಗೆ. ತಪ್ಪು ಕಚೇರಿಗೆ ಅರ್ಜಿ ಹೊತ್ತು ಎರಡು ದಿನ ಕಳೆದರೆ ಬಾಸುಂಡೆ ಮಾಸಿರುತ್ತದೆ. ಬಂಧನದ ಮೆಮೋ ಕೇಳಿ. ಅದಕ್ಕೆ ಮನೆಯವರದ್ದೋ ಊರಿನ ಒಬ್ಬ ಗೌರವಸ್ಥರದ್ದೋ ಸಾಕ್ಷಿ ಸಹಿ ಬೇಕು, ಬಂಧಿತನ ಸಹಿಯೂ ಬೇಕು. ಹಿಡಿದವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು. ವೈದ್ಯರ ತಪಾಸಣೆ ಆಗಬೇಕು, ಗಾಯ ಇದ್ದರೆ ಬರೆಸಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಕೋರ್ಟು ಇದೆ, ದೂರದ ನೆಪ ಇಲ್ಲ. ಅಲ್ಲಿ "ಹೊಡೆದರಾ?" ಅಂತ ಕೇಳಿದಾಗ ನಮ್ಮ ಹುಡುಗರು ಹಿಂದೆ ನಿಂತ ಪೊಲೀಸಿನವರ ಮುಖ ನೋಡಿ "ಇಲ್ಲ" ಅನ್ನುತ್ತಾರೆ. ಆ ಒಂದು "ಇಲ್ಲ" ಇಡೀ ಕೇಸನ್ನು ಮುಚ್ಚುತ್ತದೆ. ಹಾಗಾಗಿ ಕೋರ್ಟಿನ ಹಾಲಿನಲ್ಲಿ ಆ ಹುಡುಗನ ಕಣ್ಣಿಗೆ ಬೀಳುವ ಜಾಗದಲ್ಲಿ ನಮ್ಮವರು ನಾಲ್ಕು ಜನ ನಿಂತಿರಬೇಕು. ಠಾಣೆಯ ಸಿಸಿಟಿವಿ ಚಿತ್ರವನ್ನು ಕನಿಷ್ಠ ಒಂದು ವರ್ಷ ಇಡಬೇಕು ಅಂತ ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಹೇಳಿದೆ, ಅದನ್ನು ಕಾದಿಡಿ ಅಂತ ಅದೇ ದಿನ ಲಿಖಿತ ಅರ್ಜಿ ಕೊಡಿ. ಬಾಯಿಮಾತು ಬೇಡ. ಗೋಣಿಬೀಡಿನ ಆ ಯುವಕ ಪತ್ರ ಬರೆದಿದ್ದರಿಂದಲೇ ವಿಷಯ ಹೊರಗೆ ಬಂತು.

ಇನ್ನೊಂದು, ಹಿಡಿದವರು ಯಾರ ಹುಡುಗನನ್ನಾದರೂ ಹಿಡಿದಿರಲಿ, ಬಿ.ಸಿ. ರೋಡಿನ ಸಾಹೇಬರ ಮಗನಾಗಿರಲಿ, ಕೇಸರಿ ಶಾಲು ಹಾಕಿದವನಾಗಿರಲಿ, ಅವನ ತಾಯಿ ಹಾಸ್ಟೆಲಿನ ಬಾಗಿಲಿಗೆ ಬಂದು ಮೆಮೋ ಅಂದರೆ ಎಂತ ಅಂತ ಕೇಳಿದರೆ ಹೇಳಿಕೊಡಬೇಕು.

ಮೆಮೋದ ನಮೂನೆ, ಸಿಸಿಟಿವಿ ಅರ್ಜಿಯ ನಮೂನೆ, ಉಚಿತ ಕಾನೂನು ನೆರವಿನ 15100 ನಂಬರು, ಎಲ್ಲ ಸೇರಿಸಿ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇವೆ. ಹಾಸ್ಟೆಲಿಗೆ ಎರಡೆರಡು ತೆಗೆದುಕೊಂಡು ಹೋಗಿ. ಒಂದು ನೋಟಿಸ್ ಬೋರ್ಡಿಗೆ, ಇನ್ನೊಂದು ಊಟದ ಹಾಲಿನ ಗೋಡೆಗೆ. ವಾರ್ಡನ್ನರು ಕಿತ್ತರೆ ಮತ್ತೆ ಅಂಟಿಸಿ, ಮೈದಾ ಹಿಟ್ಟಿನ ಅಂಟು ಮಾಡಿದರೆ ಬೇಗ ಕೀಳಲು ಬರುವುದಿಲ್ಲ.